ಹಿಮ ಕರಗುವಾಗ ಕೆಸರಾಗುವ ಜಲ್ಲಿ ದಾರಿ: ಏನು ಮಾಡಬೇಕು?

ಪ್ರಶ್ನೆ: ರಸ್ತೆಯಿಂದ ನಮ್ಮ ಮನೆಯ ಗ್ಯಾರೇಜ್‌ವರೆಗೆ 30 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿ ಇದೆ. ಇಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಹಿಮ. ಮೂರು ವರ್ಷದ ಹಿಂದೆ ಮಣ್ಣಿನ ಮೇಲೆ ನೇರವಾಗಿ ನಾಲ್ಕು ಇಂಚು ಜಲ್ಲಿ ಹಾಕಿಸಿದೆವು. ಚಳಿಗಾಲದಲ್ಲಿ ದಾರಿ ಬಂಡೆಯ ಹಾಗೆ ಗಟ್ಟಿ ಇರುತ್ತದೆ. ಹಿಮ ಕರಗಲು ಶುರುವಾದರೆ ಕಾರಿನ ಚಕ್ರ ಹೂತುಹೋಗುತ್ತದೆ. ಪ್ರತಿ ವರ್ಷ ಒಂದು ಲೋಡ್ ಜಲ್ಲಿ ಹಾಕಿಸುತ್ತೇವೆ, ಮುಂದಿನ ವರ್ಷಕ್ಕೆ ಅದೂ ಮಾಯ. ಗ್ಯಾರೇಜ್ ಮುಂದೆ ಚಳಿಗಾಲದಲ್ಲಿ ನೆಲ ಉಬ್ಬಿ ಮೇಲೆ ಬರುತ್ತದೆ. ಒಬ್ಬ ಗುತ್ತಿಗೆದಾರರು ‘ನೆಲ ಹೆಪ್ಪುಗಟ್ಟುವ ಆಳದವರೆಗೂ ಅಗೆಯಬೇಕು, ಇಲ್ಲದಿದ್ದರೆ ಪ್ರಯೋಜನ ಇಲ್ಲ’ ಎನ್ನುತ್ತಾರೆ. ಇನ್ನೊಬ್ಬರು ‘ಕೆಳಗೆ ಬಟ್ಟೆ ಹಾಸಿದರೆ ಉಬ್ಬುವುದೇ ಇಲ್ಲ’ ಎನ್ನುತ್ತಾರೆ. ಪಕ್ಕದ ಮನೆಯವರು ಕಾಂಕ್ರೀಟ್ ಮಾಡಿಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂರು ವರ್ಷ ಜಲ್ಲಿ ಸುರಿದು, ಮತ್ತೆ ಅದೇ ಕೆಸರಿನಲ್ಲಿ ಕಾರು ತಳ್ಳುವುದು ಎಷ್ಟು ಬೇಸರದ ಕೆಲಸ ಅಂತ ನನಗೆ ಗೊತ್ತು. ಇಂಥ ದಾರಿಗಳನ್ನು ಅಗೆದು ಮತ್ತೆ ಕಟ್ಟುವುದೇ ನನ್ನ ಕೆಲಸ. ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಜಲ್ಲಿ ಎಲ್ಲೂ ಹೋಗಿಲ್ಲ. ಚಕ್ರ ಹೂತುಹೋಗುವ ಜಾಗದಲ್ಲಿ ಹಾರೆ ಹಾಕಿ ಒಂದಡಿ ಅಗೆದು ನೋಡಿ. ಮೂರು ವರ್ಷದ ಕಲ್ಲೂ ಅಲ್ಲೇ ಇರುತ್ತದೆ, ಮಣ್ಣಿನೊಳಗೆ ಕಲೆಸಿಹೋಗಿ. ಅದರ ಮೇಲೆ ನಾಲ್ಕನೇ ಲೋಡ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ನಿಮಗೆ ಸಲಹೆ ಕೊಟ್ಟ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ಮೂವರೂ ನೀರಿನ ಬಗ್ಗೆ ಏನೂ ಹೇಳಿಲ್ಲ ನೋಡಿ. ನಾನು ಬರೀ ಅದರ ಬಗ್ಗೆಯೇ ಹೇಳಬೇಕು ಅಂತಿದ್ದೇನೆ.

ನೆಲ ಯಾಕೆ ಉಬ್ಬುತ್ತದೆ? ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಅದಕ್ಕೇ ನೆಲ ಏಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಇದು ಹೊಂದುವುದಿಲ್ಲ. ನೀರು ಐಸ್ ಆಗುವಾಗ ಹಿಗ್ಗುವುದು ಸುಮಾರು ಶೇ. 9. ಒಂದು ಮೀಟರ್ ಆಳದ ಮಣ್ಣಿನ ಗಾತ್ರದಲ್ಲಿ ಶೇ. 40 ನೀರೇ ಇದೆ ಅಂತ ಇಟ್ಟುಕೊಂಡರೂ ನೆಲ ಏಳಬೇಕಾದದ್ದು ಮೂರೂವರೆ ಸೆಂ.ಮೀ. ಅಷ್ಟೇ. ಆದರೆ ಹತ್ತು ಸೆಂ.ಮೀ.ಗಿಂತ ಜಾಸ್ತಿ ಎದ್ದ ನೆಲವನ್ನು ನಾನೇ ಅಳೆದಿದ್ದೇನೆ. 1930ರ ಸುಮಾರಿಗೆ ಸ್ಟೀಫನ್ ಟೇಬರ್ ಎಂಬ ಅಮೆರಿಕದ ಭೂವಿಜ್ಞಾನಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ತುಂಬಿ ತಣ್ಣಗೆ ಮಾಡಿದರು. ಬೆಂಜೀನ್ ಹೆಪ್ಪುಗಟ್ಟಿದರೆ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು.

ನಿಜವಾಗಿ ಆಗುವುದು ಹೀಗೆ. ಚಳಿ ಮೇಲಿನಿಂದ ಇಳಿಯುತ್ತಾ ಒಂದು ಆಳಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಹುಟ್ಟುವ ಐಸ್, ಕೆಳಗಿನ ಒದ್ದೆ ಮಣ್ಣಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ. ಬಂದ ನೀರೆಲ್ಲ ಅಲ್ಲೇ ಐಸ್ ಆಗಿ, ಪದರ ದಪ್ಪಗಾಗುತ್ತಾ ಮೇಲಿನ ನೆಲವನ್ನು ಎತ್ತುತ್ತದೆ.

ಒಮ್ಮೆ ಚಳಿಗಾಲದ ಕೊನೆಯಲ್ಲಿ, ಒಡೆದ ನೀರಿನ ಪೈಪ್ ಹುಡುಕಲು ಒಂದು ಮನೆಯ ಮುಂದಿನ ದಾರಿ ಅಗೆಸಬೇಕಾಯಿತು. ಜೆಸಿಬಿ ಕತ್ತರಿಸಿದ ಮಣ್ಣಿನ ಗೋಡೆಯಲ್ಲಿ ಅಡ್ಡಡ್ಡ ಬಿಳಿ ಗೆರೆಗಳು ಕಂಡವು. ಮೇಲ್ಗಡೆ ದಾರದಷ್ಟು ತೆಳು, ಕೆಳಗಿಳಿದ ಹಾಗೆ ಬೆರಳಿನಷ್ಟು ದಪ್ಪ. ಎಲ್ಲ ಬರೀ ಐಸ್. ಒಂದು ಹೆಂಟೆ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡೆ. ಮೊದಲು ಇಟ್ಟಿಗೆಯಷ್ಟು ಗಟ್ಟಿ ಇತ್ತು. ಸ್ವಲ್ಪ ಹೊತ್ತಿಗೆ ಅಂಚು ಮೆತ್ತಗಾಯಿತು. ಆಮೇಲೆ ಬೆರಳ ಸಂದಿಯಿಂದ ನೀರು ಇಳಿದು ಮುಂಗೈವರೆಗೆ ಹರಿಯಿತು. ಕೈಯಲ್ಲಿ ಉಳಿದದ್ದು ಗಂಜಿಯಂಥ ಕೆಸರು. ನಿಮ್ಮ ದಾರಿಯ ಕೆಳಗೆ ಪ್ರತಿ ವರ್ಷ ಆಗುತ್ತಿರುವುದು ಇದೇ.

ಇನ್ನೂ ಒಂದು ವಿಷಯ ಸೇರಿಸಿಕೊಳ್ಳಿ. ನೆಲ ಕರಗುವುದು ಬಹುಮಟ್ಟಿಗೆ ಮೇಲಿನಿಂದ. ಮೇಲಿನ ಒಂದಡಿ ಕರಗಿ ನೀರಾದಾಗ ಅದರ ಕೆಳಗೆ ಇನ್ನೂ ಐಸ್ ಇರುತ್ತದೆ. ನೀರಿಗೆ ಕೆಳಗೆ ಇಂಗಲು ದಾರಿಯೇ ಇಲ್ಲ, ಬೋಗುಣಿಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಆ ಎರಡು ಮೂರು ವಾರ ನೆಲಕ್ಕೆ ಭಾರ ಹೊರುವ ಶಕ್ತಿಯೇ ಇರುವುದಿಲ್ಲ. ಚಳಿ ದೇಶಗಳ ಎಷ್ಟೋ ಕಡೆ ಆ ದಿನಗಳಲ್ಲಿ ಸಣ್ಣ ರಸ್ತೆಗಳ ಮೇಲೆ ಭಾರದ ಲಾರಿ ಬಿಡುವುದಿಲ್ಲ. ಕಾರಣ ಇದೇ. ನಿಮ್ಮ ಕಾರು ಹಾದಾಗಲೆಲ್ಲ ಟೈರು ಕಲ್ಲನ್ನು ಕೆಳಗೆ ಒತ್ತುತ್ತದೆ, ಕೆಸರು ಸಂದಿಯಿಂದ ಮೇಲೆ ಬರುತ್ತದೆ. ಮೂರು ವರ್ಷದ ಜಲ್ಲಿ ಮುಳುಗಿದ್ದು ಹೀಗೆ.

ಎಲ್ಲ ಮಣ್ಣೂ ಹೀಗೆ ಮಾಡುವುದಿಲ್ಲ. ದಪ್ಪ ಮರಳಿನಲ್ಲಿ ಕಣಗಳ ಸಂದಿ ದೊಡ್ಡದು, ನೀರು ಮೇಲೆ ಏರುವುದಿಲ್ಲ. ಜೇಡಿಮಣ್ಣಿನಲ್ಲಿ ಸಂದಿ ತೀರಾ ಸಣ್ಣದು, ನೀರು ಏರುತ್ತದೆ ಆದರೆ ಬಹಳ ನಿಧಾನ. ಎಲ್ಲಕ್ಕಿಂತ ಕೆಟ್ಟದ್ದು ಇವೆರಡರ ನಡುವಿನ ಹೂಳುಮಣ್ಣು. ಒಣಗಿದಾಗ ಬೆರಳ ನಡುವೆ ಉಜ್ಜಿದರೆ ಹಿಟ್ಟಿನ ಹಾಗೆ ನುಣ್ಣಗಿರುತ್ತದಲ್ಲ, ಅದು. ನೀರು ಮೇಲೇರುವುದೂ ಸುಲಭ, ಬೇಗ ಏರುವುದೂ ಸುಲಭ. ಮಣ್ಣಿನ ಗುಣಗಳ ಮೇಲೆ ಸಂಶೋಧನೆ ಮಾಡಿದ ಎಂಜಿನಿಯರ್ ಆರ್ಥರ್ ಕಾಸಗ್ರಾಂಡೆ 1931ರಲ್ಲಿ ಕೊಟ್ಟ ಅಳತೆಯನ್ನು ಎಂಜಿನಿಯರುಗಳು ಇಂದಿಗೂ ನೆನಪಿಸಿಕೊಳ್ಳುತ್ತಾರೆ: ಸಣ್ಣದರಿಂದ ದಪ್ಪದವರೆಗೆ ಎಲ್ಲ ಗಾತ್ರದ ಕಣ ಬೆರೆತಿರುವ ಮಣ್ಣಿನಲ್ಲಿ, 0.02 ಮಿ.ಮೀ.ಗಿಂತ ಸಣ್ಣ ಕಣ ಶೇ. 3 ದಾಟಿದರೆ ಆ ಮಣ್ಣು ಉಬ್ಬಬಹುದು. ಶೇ. 3 ಅಂದರೆ ಎಷ್ಟು ಕಡಿಮೆ ಅಲ್ವಾ? ಅಗ್ಗಕ್ಕೆ ಸಿಕ್ಕಿತು ಅಂತ ಮಣ್ಣು ಬೆರೆತ ಜಲ್ಲಿ ತಂದು ಅಡಿಪದರಕ್ಕೆ ಹಾಕಬೇಡಿ ಅನ್ನುವುದು ಇದಕ್ಕೇ.

ನಿಮ್ಮ ಮಣ್ಣು ಯಾವುದು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಮೇಲಿನ ಹುಲ್ಲು, ಬೇರು ಸರಿಸಿ ಒಂದಡಿ ಕೆಳಗಿನ ಮಣ್ಣು ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮಿಕ್ಕಿದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಮುಂದಿನ ಕೆಲವು ಗಂಟೆಗಳಲ್ಲಿ ಕೂರುವುದು ಹೂಳು. ಮರುದಿನವೂ ನೀರು ಕದಡಿಕೊಂಡೇ ಇದ್ದರೆ ಜೇಡಿ ಇದೆ ಅಂತ. ಮೂರು ಪದರದ ದಪ್ಪವನ್ನು ಸ್ಕೇಲ್ ಹಿಡಿದು ಬರೆದಿಟ್ಟುಕೊಳ್ಳಿ.

ಈಗ ಆ ಮೂರು ಸಲಹೆಗಳಿಗೆ ಬರೋಣ.

ಹೆಪ್ಪುಗಟ್ಟುವ ಆಳದವರೆಗೆ ಅಗೆಯುವುದು ಮನೆಯ ಪಾಯಕ್ಕೆ ಬೇಕು. ಪಾಯ ಒಂದು ಇಂಚು ಅಲುಗಿದರೂ ಗೋಡೆ ಸೀಳುತ್ತದೆ. ಜಲ್ಲಿ ದಾರಿಗೆ ಆ ಹಂಗಿಲ್ಲ. ಅದು ಚಳಿಗಾಲದಲ್ಲಿ ಎರಡು ಇಂಚು ಎದ್ದು ಬೇಸಿಗೆಗೆ ಇಳಿದರೂ ಏನೂ ಆಗುವುದಿಲ್ಲ, ಎಲ್ಲ ಕಡೆ ಒಂದೇ ಸಮ ಎದ್ದರೆ ಸಾಕು. ತುಂಬಾ ಚಳಿಯ ಕಡೆ ನೆಲ ಒಂದೂವರೆ ಮೀಟರ್, ಇನ್ನೂ ಆಳಕ್ಕೆ ಹೆಪ್ಪುಗಟ್ಟುತ್ತದೆ. ಅಷ್ಟು ಅಗೆದು ಕಲ್ಲು ತುಂಬುವುದು ಒಂದು ಕಾರಿನ ದಾರಿಗೆ ಸುಮ್ನೆ ಖರ್ಚು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಜೇಡಿಮಣ್ಣಿನಲ್ಲಿ ಆಳವಾಗಿ ಅಗೆದು ಕಲ್ಲು ತುಂಬಿದರೆ ಅದು ತೊಟ್ಟಿಯಾಗುತ್ತದೆ. ಅಕ್ಕಪಕ್ಕದ ನೀರೆಲ್ಲ ಬಂದು ಅದರಲ್ಲಿ ತುಂಬುತ್ತದೆ. ಕೊನೆಗೆ ನೀರು ಹೊರಹೋಗುವ ದಾರಿ ಮಾಡದಿದ್ದರೆ, ಅಗೆದದ್ದೇ ಕಷ್ಟಕ್ಕೆ ಮೂಲ.

ಬಟ್ಟೆಯ ವಿಷಯ. ಜಿಯೋಟೆಕ್ಸ್‌ಟೈಲ್ ಬಟ್ಟೆ ನೆಲ ಉಬ್ಬುವುದನ್ನು ತಡೆಯುವುದಿಲ್ಲ. ನೀರು ಅದರ ಮೂಲಕ ಹೋಗುತ್ತದೆ, ಹೋಗಲೇಬೇಕು. ಅದರ ಕೆಲಸ ಒಂದೇ: ಕೆಳಗಿನ ಮಣ್ಣು ಮೇಲೆ ಬರದ ಹಾಗೆ, ಮೇಲಿನ ಕಲ್ಲು ಕೆಳಗೆ ಇಳಿಯದ ಹಾಗೆ ನಡುವೆ ನಿಲ್ಲುವುದು. ನಿಮ್ಮ ಕಲ್ಲು ಮಾಯವಾಗುವ ರೋಗಕ್ಕೆ ಅದೇ ಮದ್ದು. ಹಾಗಾಗಿ ಹಾಕಲೇಬೇಕು, ಆದರೆ ಗುತ್ತಿಗೆದಾರರು ಹೇಳಿದ ಕಾರಣಕ್ಕೆ ಅಲ್ಲ. ತೋಟದಲ್ಲಿ ಕಳೆ ಬರದಿರಲಿ ಅಂತ ಹಾಸುವ ತೆಳು ಬಟ್ಟೆ ಇಲ್ಲಿ ಒಂದೇ ವರ್ಷಕ್ಕೆ ಹರಿಯುತ್ತದೆ. ರಸ್ತೆ ಕೆಲಸಕ್ಕೆಂದೇ ಬರುವ ದಪ್ಪ ಬಟ್ಟೆ ಕೇಳಿ. ಒಂದು ಹಾಸಿನ ಮೇಲೆ ಇನ್ನೊಂದು ಕನಿಷ್ಠ ಒಂದೂವರೆ ಅಡಿ ಬರುವ ಹಾಗೆ ಹಾಸಬೇಕು. ಬರೀ ಬಟ್ಟೆಯ ಮೇಲೆ ಟಿಪ್ಪರ್ ಓಡಿಸಬಾರದು. ಹಿಂದಿನಿಂದ ಕಲ್ಲು ಸುರಿಯುತ್ತಾ, ಹರಡಿದ ಕಲ್ಲಿನ ಮೇಲೇ ಗಾಡಿ ಮುಂದೆ ಬರಬೇಕು.

ಕಾಂಕ್ರೀಟ್? ಕೆಳಗಿನ ಮಣ್ಣು ಅದೇ, ನೀರು ಅದೇ. ಜಲ್ಲಿ ಉಬ್ಬಿದರೆ ಕುಂಟೆ ಎಳೆದು ಸರಿ ಮಾಡಬಹುದು, ಕಾಂಕ್ರೀಟ್ ಉಬ್ಬಿದರೆ ಸೀಳುತ್ತದೆ. ಕೆಳಗಿನ ಕೆಲಸ ಸರಿ ಮಾಡಿಸಿ ಆಮೇಲೆ ಕಾಂಕ್ರೀಟ್ ಬೇಕು ಅನಿಸಿದರೆ ಮಾಡಿಸಿ, ನನ್ನ ತಕರಾರಿಲ್ಲ. ಆದರೆ ಕೆಳಗಿನ ಕೆಲಸ ಸರಿಯಾದ ಮೇಲೆ ಹೆಚ್ಚಿನವರಿಗೆ ಜಲ್ಲಿಯೇ ಸಾಕಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅಗೆಯುವುದಕ್ಕಿಂತ ಎತ್ತರಿಸುವ ಕಡೆ ಗಮನ ಕೊಡುತ್ತಿದ್ದೆ. ಅಕ್ಕಪಕ್ಕದ ನೆಲಕ್ಕಿಂತ ದಾರಿ ಮೇಲಿರಬೇಕು. ಈಗ ಅದು ತಗ್ಗಿನಲ್ಲಿದೆ ಅಂತ ನನ್ನ ಅನುಮಾನ, ಮೂರು ವರ್ಷ ಹೂತ ದಾರಿ ಹಾಗೇ ಆಗಿರುತ್ತದೆ. ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ಪೂರ್ತಿ ತೆಗೆಸಿ. ನಿಮ್ಮ ಹಳೆ ಜಲ್ಲಿ ಬೆರೆತ ಪದರ ಗಟ್ಟಿಯಿದ್ದರೆ ಅದನ್ನು ಬಿಡಬಹುದು, ಸಮ ಮಾಡಿ ದಮ್ಮಸು ಮಾಡಿದರೆ ಅದೇ ಒಳ್ಳೆಯ ತಳ. ತಲೆ ಗಾತ್ರದ ಗುಂಡುಕಲ್ಲು ಇದ್ದರೆ ಮಾತ್ರ ಕಿತ್ತುಹಾಕಿ. ಹೆಪ್ಪುಗಟ್ಟಿ ಕರಗುವ ಪ್ರತಿ ಸುತ್ತಿನಲ್ಲೂ ಅಂಥ ಕಲ್ಲು ಸ್ವಲ್ಪ ಸ್ವಲ್ಪ ಮೇಲೇರುತ್ತದೆ. ಒಂದು ದಿನ ಹಿಮ ತೆಗೆಯುವ ಬ್ಲೇಡಿಗೆ ಸಿಗುತ್ತದೆ.

ತಳವನ್ನು ದಮ್ಮಸು ಮಾಡುವ ಮೊದಲೇ ಅದಕ್ಕೆ ನಡುವಿನಿಂದ ಎರಡೂ ಬದಿಗೆ ಇಳಿಜಾರು ಕೊಡಿಸಿ. ಮೇಲ್ಮೈಗೆ ಮಾತ್ರ ಇಳಿಜಾರು ಕೊಟ್ಟು ತಳವನ್ನು ಸಪಾಟಾಗಿ ಬಿಡುವುದು ನಾನು ಜಾಸ್ತಿ ನೋಡುವ ತಪ್ಪು. ಇಂಗಿದ ನೀರು ತಳದಲ್ಲೇ ನಿಲ್ಲುತ್ತದೆ. ಆಮೇಲೆ ಬಟ್ಟೆ. ಅದರ ಮೇಲೆ 50ರಿಂದ 75 ಮಿ.ಮೀ. ಒಡೆದ ಕಲ್ಲು 15 ಸೆಂ.ಮೀ., ಅದರ ಮೇಲೆ 20ರಿಂದ 40 ಮಿ.ಮೀ. ಜಲ್ಲಿ 8 ಸೆಂ.ಮೀ., ಕೊನೆಗೆ ಪುಡಿ ಸೇರಿದ 20 ಮಿ.ಮೀ. ಜಲ್ಲಿ 7 ಸೆಂ.ಮೀ. ಒಟ್ಟು 30. ನಿಮ್ಮ ಬಾಟಲಿಯಲ್ಲಿ ಹೂಳು ಜಾಸ್ತಿ ಕಂಡರೆ ತಳದ ಪದರವನ್ನೇ ಇನ್ನೊಂದು 10ರಿಂದ 15 ಸೆಂ.ಮೀ. ದಪ್ಪ ಮಾಡಿ. 10-15 ಸೆಂ.ಮೀ. ಹಾಕಿದ ಕೂಡಲೇ ಒಂದು ಸಲ ರೋಲರ್ ಹೊಡೆಸಬೇಕು. ಎಲ್ಲ ಸುರಿದು ಕೊನೆಗೊಮ್ಮೆ ಹೊಡೆದರೆ ಮೇಲಿನ ಪದರ ಮಾತ್ರ ಕೂರುತ್ತದೆ.

ಕಲ್ಲು ಒಡೆದದ್ದೇ ಆಗಿರಲಿ. ಹೊಳೆಯ ನುಣುಪು ಕಲ್ಲು ನೋಡಲು ಚೆಂದ, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಟೈರಿನ ಕೆಳಗೆ ಉರುಳುತ್ತದೆ. ಮೇಲಿನ ಪದರದ ಪುಡಿಯ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ನಾನು ಮೊದಲು ಹೇಳಿದ್ದಕ್ಕೆ ವಿರುದ್ಧ ಅನಿಸಬಹುದು. ಕೆಳಗಿನ ಪದರಕ್ಕೆ ಪುಡಿ ಬೇಡ, ನೀರು ಓಡಿಹೋಗಬೇಕು. ಮೇಲಿನ ಪದರಕ್ಕೆ ಮಾತ್ರ ಪುಡಿ ಬೇಕು, ಇಲ್ಲದಿದ್ದರೆ ಜಲ್ಲಿ ಕಟ್ಟಿಕೊಳ್ಳುವುದಿಲ್ಲ, ಹಿಮದ ಜೊತೆ ಹುಲ್ಲಿಗೆ ಹಾರುತ್ತದೆ. ತೂಕದಲ್ಲಿ ಶೇ. 8ರಿಂದ 12ರಷ್ಟು ನುಣ್ಣನೆಯ ಪುಡಿ ಸಾಕು. ಅದಕ್ಕಿಂತ ಜಾಸ್ತಿಯಾದರೆ ಮೇಲ್ಮೈಯೇ ಕೆಸರು. ಕೈಯಲ್ಲಿ ನೋಡುವ ರೀತಿ ಹೀಗೆ: ಒಂದು ಹಿಡಿ ಒದ್ದೆ ಮಾಡಿ ಗಟ್ಟಿಯಾಗಿ ಹಿಸುಕಿ, ಬಿಡಿ. ಉಂಡೆ ನಿಂತು, ಬೆರಳು ಮುಟ್ಟಿದರೆ ಒಡೆಯಬೇಕು. ನಿಲ್ಲದೇ ಇದ್ದರೆ ಪುಡಿ ಸಾಲದು. ಅಂಗೈಗೆ ಅಂಟಿ ಜಾರಿದರೆ ಜೇಡಿ ಬೆರೆತಿದೆ, ಆ ಲೋಡನ್ನು ಇಳಿಸಿಕೊಳ್ಳಬೇಡಿ.

ಲೆಕ್ಕಕ್ಕೆ ಹೇಳುವುದಾದರೆ 30 ಮೀಟರ್ ಉದ್ದ, 3 ಮೀಟರ್ ಅಗಲ, 30 ಸೆಂ.ಮೀ. ದಪ್ಪ ಅಂದರೆ 27 ಘನ ಮೀಟರ್. ರೋಲರ್ ಹೊಡೆದರೆ ಕುಗ್ಗುತ್ತದೆ, ಹಾಗಾಗಿ ಐದನೇ ಒಂದು ಪಾಲು ಜಾಸ್ತಿ, ಸುಮಾರು 32 ಘನ ಮೀಟರ್ ತರಿಸಬೇಕು. ತೂಕ 55 ಟನ್ ಹತ್ತಿರ ಬರುತ್ತದೆ. ಇದಕ್ಕಿಂತ ಅರ್ಧ ಬರೆದುಕೊಟ್ಟವರು ದಪ್ಪದಲ್ಲಿ ಕಡಿಮೆ ಮಾಡುತ್ತಿದ್ದಾರೆ ಅಂತ ತಿಳಿಯಿರಿ.

ಮೇಲ್ಮೈಯ ನಡು ಉಬ್ಬು ಶೇ. 4 ಇರಲಿ. ಮೂರು ಮೀಟರ್ ಅಗಲದ ದಾರಿಗೆ ನಡುವಿನ ಗೆರೆ ಅಂಚಿಗಿಂತ 6 ಸೆಂ.ಮೀ. ಎತ್ತರ ಬರುತ್ತದೆ. ಕಣ್ಣಿಗೆ ಜಾಸ್ತಿ ಅನಿಸುತ್ತದೆ, ಡಾಂಬರು ರಸ್ತೆಗೆ ಅಷ್ಟು ಕೊಡುವುದಿಲ್ಲ. ಜಲ್ಲಿಗೆ ಬೇಕು. ಎರಡೂ ಬದಿಗೆ ಚರಂಡಿ, ಅದರ ತಳ ಕಲ್ಲಿನ ತಳಪದರಕ್ಕಿಂತ ಕೆಳಗಿರಬೇಕು, ಕೊನೆಗೆ ಎಲ್ಲಾದರೂ ಹೊರಗೆ ಬಿಡಬೇಕು. ಎಲ್ಲಕ್ಕಿಂತ ಮುಖ್ಯ ಕೆಲಸ ಇದು. ದುಡ್ಡು ಸಾಲದಿದ್ದರೆ ಮೇಲಿನ ಪದರವನ್ನು ಮುಂದಿನ ವರ್ಷಕ್ಕೆ ಬಿಡಿ, ಚರಂಡಿಯನ್ನು ಬಿಡಬೇಡಿ. ತಾರಸಿಯ ನೀರು ದಾರಿಯ ಪಕ್ಕಕ್ಕೆ ಬೀಳುತ್ತಿದ್ದರೆ ಆ ಪೈಪನ್ನು ಇವತ್ತೇ ಬೇರೆ ಕಡೆ ತಿರುಗಿಸಿ.

ಗ್ಯಾರೇಜ್ ಮುಂದಿನ ಉಬ್ಬು ಬೇರೆಯೇ ಕಥೆ. ಗ್ಯಾರೇಜ್ ಪಾಯ ಆಳದಲ್ಲಿ ಕೂತಿದೆ, ಅದು ಏಳುವುದಿಲ್ಲ. ಮುಂದಿನ ಜಲ್ಲಿ ಏಳುತ್ತದೆ. ಎರಡೂ ಸೇರುವ ಕಡೆ ಮೆಟ್ಟಿಲಾಗುತ್ತದೆ. ಸುಲಭದ ದಾರಿ ಎಂದರೆ ಅಲ್ಲಿ ಜಲ್ಲಿಯನ್ನು ಗ್ಯಾರೇಜ್ ನೆಲಕ್ಕಿಂತ ಎರಡು ಮೂರು ಸೆಂ.ಮೀ. ತಗ್ಗಿಸಿ, ನೀರು ಬಾಗಿಲಿನಿಂದ ದೂರ ಹೋಗುವ ಹಾಗೆ ಇಳಿಜಾರು ಕೊಡುವುದು. ಅದು ಸಾಲದಿದ್ದರೆ ಕಲ್ಲಿನ ಕೆಳಗೆ 5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಶೀಟ್ ಹಾಸಬಹುದು. ನೆಲದ ಬಿಸಿ ಕೆಳಗೇ ಉಳಿದು ಮಣ್ಣು ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಅದಕ್ಕೂ ಒಂದು ಅಪಾಯ ಇದೆ. ಕೆಳಗಿನ ಬಿಸಿ ಮೇಲೆ ಬಾರದ ಕಾರಣ ಆ ತುಂಡಿನ ಮೇಲ್ಮೈ ಉಳಿದ ಕಡೆಗಿಂತ ಬೇಗ ಐಸ್ ಕಟ್ಟಿ ಜಾರುತ್ತದೆ. ಶೀಟ್ ಒಮ್ಮೆಲೇ ನಿಂತುಬಿಟ್ಟರೆ ಉಬ್ಬು ಅಲ್ಲಿಂದ ಮುಂದಕ್ಕೆ ಸರಿಯುತ್ತದೆ ಅಷ್ಟೇ. ಕೊನೆಯ ಒಂದೆರಡು ಮೀಟರಿನಲ್ಲಿ ಶೀಟಿನ ದಪ್ಪ ಕಡಿಮೆ ಮಾಡುತ್ತಾ ಬರಬೇಕು.

ಇಲ್ಲಿಯೇ ಒಂದು ವಿಚಾರಿಸಿ: ಮನೆಗೆ ಬರುವ ನೀರಿನ ಪೈಪ್ ಈ ದಾರಿಯ ಕೆಳಗೆ ಹೋಗುತ್ತದೆಯೇ? ಹಿಮ ನೆಲಕ್ಕೆ ಕಂಬಳಿ ಇದ್ದ ಹಾಗೆ. ಹುಲ್ಲಿನ ಮೇಲೆ ಅದು ಹಾಗೇ ಇರುತ್ತದೆ, ದಾರಿಯ ಮೇಲಿಂದ ನೀವು ದಿನಾ ತೆಗೆಯುತ್ತೀರಿ. ಹಾಗಾಗಿ ಪಕ್ಕದ ನೆಲಕ್ಕಿಂತ ದಾರಿಯ ಕೆಳಗೆ ಚಳಿ ಜಾಸ್ತಿ ಆಳಕ್ಕೆ ಇಳಿಯುತ್ತದೆ. ನಾನು ಮೇಲೆ ಹೇಳಿದ ಆ ಒಡೆದ ಪೈಪ್ ಸಿಕ್ಕಿದ್ದೂ ದಾರಿಯ ನಟ್ಟನಡುವೆ. ಅಗೆಯುವ ಕೆಲಸ ಹೇಗೂ ಆಗುತ್ತಿರುವಾಗ ಪೈಪಿನ ಮೇಲೆ ಫೋಮ್ ಹಾಸಿಬಿಡಿ.

ಕೆಲಸ ಬೇಸಿಗೆಯ ಕೊನೆಯಲ್ಲಿ ಮಾಡಿಸಿ, ನೆಲ ಒಣಗಿರುತ್ತದೆ. ಹೆಪ್ಪುಗಟ್ಟಿದ ನೆಲದ ಮೇಲೆ ಯಾರು ಎಷ್ಟೇ ರಿಯಾಯಿತಿ ಕೊಟ್ಟರೂ ಒಪ್ಪಬೇಡಿ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನು ಒಂದು ಮನೆಗೆ ಹಾಗೆ ಮಾಡಿದ್ದೆ. ರಾಶಿಯಲ್ಲಿದ್ದ ಜಲ್ಲಿಯೊಳಗೆ ಐಸ್ ಇತ್ತು. ರೋಲರ್ ಹೊಡೆದಾಗ ಗಟ್ಟಿ ಅನಿಸಿತು. ಕರಗಿದ ಮೇಲೆ ಐಸ್ ಇದ್ದ ಜಾಗವೆಲ್ಲ ಪೊಳ್ಳಾಗಿ ದಾರಿ ಗುಂಡಿ ಬಿತ್ತು. ಮತ್ತೆ ಕಟ್ಟಿಕೊಟ್ಟೆ. ಆ ಮನೆಯವರು ಎರಡು ತಿಂಗಳು ಪಟ್ಟ ಕಷ್ಟ ಇವತ್ತಿಗೂ ಮನಸ್ಸಿನಲ್ಲಿದೆ.

ಕಟ್ಟಿದ ಮೇಲಿನ ಮೊದಲ ಚಳಿಗಾಲದಲ್ಲಿ ಮೊದಲ ಹಿಮವನ್ನು ಪೂರ್ತಿ ಕೆರೆಯಬೇಡಿ. ಕಾರು ಓಡಾಡಿ ಒಂದು ತೆಳು ಪದರ ಗಟ್ಟಿಯಾಗಲಿ, ಅದೇ ಜಲ್ಲಿಯನ್ನು ಹಿಡಿದಿಡುತ್ತದೆ. ಬ್ಲೇಡನ್ನು ನೆಲದಿಂದ ಎರಡು ಮೂರು ಸೆಂ.ಮೀ. ಮೇಲೆ ಇಡಿ. ಹಿಮ ಎಸೆಯುವ ಯಂತ್ರ ಬಳಸುವುದಾದರೆ ಇದು ಇನ್ನೂ ಮುಖ್ಯ. ಅದು ಕಲ್ಲನ್ನು ಕವಣೆಯ ಹಾಗೆ ಎಸೆಯುತ್ತದೆ, ಮಕ್ಕಳು, ಕಿಟಕಿ ಇರುವ ಕಡೆ ಬಾಯಿ ತಿರುಗಿಸಬೇಡಿ. ತೆಗೆದ ಹಿಮವನ್ನು ದಾರಿಯ ತಗ್ಗಿನ ಬದಿಗೇ ಹಾಕಿ. ಎತ್ತರದ ಬದಿಗೆ ಹಾಕಿದರೆ ಕರಗಿದ ನೀರೆಲ್ಲ ವಾಪಸ್ ದಾರಿಯೊಳಗೆ. ಉಪ್ಪು ಹಾಕಬೇಡಿ, ಜಲ್ಲಿಯ ಮೇಲ್ಮೈ ಕರಗಿ ಮೆತ್ತಗಾಗುತ್ತದೆ. ಜಾರುವ ಕಡೆ ಮರಳೋ ಸಣ್ಣ ಜಲ್ಲಿಯೋ ಎರಚಿ, ಅದು ದಾರಿಗೇ ಸೇರುತ್ತದೆ.

ಈ ವರ್ಷ ದೊಡ್ಡ ಕೆಲಸ ಆಗುವುದಿಲ್ಲ ಅಂದರೆ ಅದಕ್ಕೂ ದಾರಿ ಇದೆ. ಚರಂಡಿ ತೋಡಿಸಿ, ತಾರಸಿ ನೀರು ತಿರುಗಿಸಿ. ಹಿಮ ಕರಗುವ ಆ ಎರಡು ಮೂರು ವಾರ ಕಾರನ್ನು ರಸ್ತೆಯ ಹತ್ತಿರ ನಿಲ್ಲಿಸಿ ನಡೆದುಕೊಂಡು ಬನ್ನಿ. ಒಳಗೆ ತರಲೇಬೇಕಾದರೆ ಬೆಳಗಿನ ಜಾವ, ಮೇಲ್ಮೈ ಇನ್ನೂ ಹೆಪ್ಪುಗಟ್ಟಿರುವಾಗ ತನ್ನಿ. ಕೆಸರು ಕಂಡ ಕೂಡಲೇ ಜಲ್ಲಿ ಸುರಿಸಬೇಡಿ, ಆಗ ಹಾಕಿದ್ದು ನೇರ ಒಳಗೆ ಹೋಗುತ್ತದೆ. ನೆಲ ಒಣಗುವವರೆಗೆ ಆ ಒಂದು ಲೋಡಿನ ದುಡ್ಡು ಉಳಿಸಿಟ್ಟುಕೊಳ್ಳಿ, ಬಟ್ಟೆಗೆ ಬೇಕಾಗುತ್ತದೆ.

ಮುಂದಿನ ಜೋರು ಮಳೆಗೆ ಕೊಡೆ ಹಿಡಿದು ದಾರಿಯುದ್ದಕ್ಕೂ ಒಮ್ಮೆ ನಡೆಯಿರಿ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಅಂತ ಕಾಗದದ ಮೇಲೆ ಗೀಚಿಕೊಳ್ಳಿ. ಆ ಚಿತ್ರ, ಬಾಟಲಿಯ ಮೂರು ಪದರದ ಅಳತೆ, ಪೈಪ್ ಎಲ್ಲಿದೆ ಅನ್ನುವುದು, ಈ ಮೂರನ್ನೂ ಕಳಿಸಿ. ತಳದ ಕಲ್ಲು ಎಷ್ಟು ದಪ್ಪ ಬೇಕು, ಚರಂಡಿ ಯಾವ ಬದಿಗೆ ಆಳ ಬೇಕು ಅಂತ ನಿಮ್ಮ ಜಾಗಕ್ಕೇ ಲೆಕ್ಕ ಹಾಕಿ ಹೇಳುತ್ತೇನೆ.